ಎರಡು ಬಯಕೆ, ಒಂದು ದೋಣಿ

ಎರಡು ದೋಣಿಗಳ ಮೇಲೆ ಕಾಲಿಟ್ಟವನು ನೀರಿಗೆ ಬೀಳುವನೆಂಬ ಎಚ್ಚರಿಕೆ ಹಿರಿಯರ ಬಾಯಲ್ಲಿ ಎಂದಿನಿಂದಲೂ ಇದೆ. ಆದರೆ ಎರಡು ಬಯಕೆಗಳನ್ನು ಒಂದೇ ದೋಣಿಯಲ್ಲಿ ಕುಳ್ಳಿರಿಸಹೊರಟವನ ಪಾಡೇನು? ಈ ಪ್ರಶ್ನೆ ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಗೃಹಸ್ಥನಿಗೆ ವಿನೋದದ ಮಾತಲ್ಲ. ಸಂಸಾರದ ಆಯವ್ಯಯಕ್ಕೂ ನೆಮ್ಮದಿಗೂ ಸೇರಿದ ಮಾತು. ಹತ್ತು ಸಾವಿರ ಸರೋವರಗಳ ನಾಡೆಂದು ಆ ಸಂಸ್ಥಾನ ತನ್ನನ್ನು ಕರೆದುಕೊಳ್ಳುತ್ತದೆ. ಎಣಿಸಿದರೆ, 10 ಎಕರೆಗೆ ಕಡಿಮೆಯಿಲ್ಲದ ಸರೋವರಗಳೇ ಅಲ್ಲಿ 11,842 ಇವೆ. ಚಳಿಗಾಲವೆಲ್ಲ ಹೆಪ್ಪುಗಟ್ಟಿ ಕಲ್ಲಾಗಿದ್ದ ನೀರು ವಸಂತದಲ್ಲಿ ಕರಗಿತೆಂದರೆ ಮನೆಯ ಯಜಮಾನನಿಗೆ ಗಾಳದ ನೆನಪು, ಮಕ್ಕಳಿಗೆ ಈಜಿನ ನೆನಪು, ಗೃಹಿಣಿಗೆ ತಂಪುಗಾಳಿಯಲ್ಲಿ ಒಂದು ಗಳಿಗೆ ಕಾಲು ಚಾಚಿ ಕುಳಿತುಕೊಳ್ಳುವ ನೆನಪು. ನೆನಪುಗಳು ಮೂರಾದರೂ ಕೊಳ್ಳಲು ಸಾಧ್ಯವಾಗುವುದು ಒಂದೇ ದೋಣಿ.

ಒಂದೇ ದೋಣಿಯಿಂದ ಹಲವು ಕೆಲಸಗಳನ್ನು ಮಾಡಿಸಿಕೊಳ್ಳುವ ಜಾಣತನವೇನೂ ಹೊಸತಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಬಳಿ ಜನರು ತುಂಗಭದ್ರೆಯನ್ನು ದಾಟುತ್ತಿದ್ದ ಹರಿಗೋಲುಗಳನ್ನು ಕಂಡು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗಿನ ಆಕಾರ, ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದಿಪ್ಪತ್ತು ಮಂದಿ ಅದರಲ್ಲಿ ಹಿಡಿಯುತ್ತಿದ್ದರು. ಅಗತ್ಯ ಬಿದ್ದರೆ ಕುದುರೆ, ಎತ್ತುಗಳೂ ಅದರಲ್ಲಿಯೇ ದಾಟುತ್ತಿದ್ದವು. ಆದರೆ ಹುಟ್ಟು ಹಾಕಿದಷ್ಟೂ ಅದು ಗಿರಗಿರನೆ ತಿರುಗುತ್ತಿತ್ತು ಎಂಬುದನ್ನೂ ಅವನು ಮರೆತಿಲ್ಲ. ಎಲ್ಲ ಕೆಲಸಕ್ಕೂ ಒದಗುವ ದೋಣಿ ಯಾವುದಾದರೊಂದು ಗುಣವನ್ನು ಬಿಟ್ಟುಕೊಟ್ಟೇ ಆ ಯೋಗ್ಯತೆಯನ್ನು ಪಡೆದಿರುತ್ತದೆ. ಹರಿಗೋಲು ಬಿಟ್ಟುಕೊಟ್ಟದ್ದು ನೇರವಾದ ನಡೆಯನ್ನು. ಇಂದಿನ ಕೊಳ್ಳುಗನು ತಾನು ಯಾವುದನ್ನು ಬಿಟ್ಟುಕೊಡಬಲ್ಲೆನೆಂಬುದನ್ನು ಅಂಗಡಿಗೆ ಹೋಗುವ ಮೊದಲೇ ನಿಶ್ಚಯಿಸಿಕೊಳ್ಳತಕ್ಕದ್ದು.

ಮೀನು ಹಿಡಿಯುವವನ ಬೇಡಿಕೆ ಸರಳ. ಎದ್ದು ನಿಂತು ಗಾಳ ಬೀಸಲು ಸಮತಟ್ಟಾದ ಜಾಗ, ದಾರ ಸಿಕ್ಕಿಕೊಳ್ಳದಂತಹ ಬರಿದಾದ ಅಂಚು, ಹಿಡಿದ ಮೀನು ಜೀವದಿಂದಿರಲು ನೀರಿನ ತೊಟ್ಟಿ, ನಿಧಾನವಾಗಿ ಸದ್ದಿಲ್ಲದೆ ಚಲಿಸುವ ಯಂತ್ರ. ಕುಟುಂಬದ ಬೇಡಿಕೆ ಇದಕ್ಕೆ ಬಹುಮಟ್ಟಿಗೆ ವಿರುದ್ಧ. ಮೆತ್ತನೆಯ ಆಸನ, ಗಾಳಿಗೆ ಅಡ್ಡವಾಗುವ ಗಾಜು, ತಲೆಯ ಮೇಲೆ ನೆರಳು, ಮಕ್ಕಳು ಜಾರಿ ಬೀಳದಂತೆ ಎತ್ತರದ ಪಕ್ಕಗಳು, ಈಜಿ ಬಂದವರು ಮತ್ತೆ ಹತ್ತಲು ಏಣಿ, ಜಾರುಹಲಗೆಯ ಮೇಲೆ ನಿಂತ ಹುಡುಗನನ್ನು ಎಳೆದೊಯ್ಯುವಷ್ಟು ವೇಗ. ಒಬ್ಬನಿಗೆ ಬೇಡವಾದದ್ದೇ ಇನ್ನೊಬ್ಬರಿಗೆ ಬೇಕು. ಯಜಮಾನನು ತನ್ನೊಬ್ಬನ ಮನಸ್ಸಿನಂತೆ ಕೊಂಡರೆ ಉಳಿದವರು ಎರಡನೆಯ ಭಾನುವಾರಕ್ಕೆ ಮನೆಯಲ್ಲಿ ಉಳಿಯುತ್ತಾರೆ. ಮನೆಯವರ ಮನಸ್ಸಿನಂತೆ ಕೊಂಡರೆ ಆತನು ನೆರೆಮನೆಯವನ ದೋಣಿಯಲ್ಲಿ ಮೀನಿಗೆ ಹೋಗುತ್ತಾನೆ. ಎರಡು ಪಕ್ಷದಲ್ಲಿಯೂ ಕೂಡಿ ಕಳೆಯಬೇಕಾದ ದಿನ ಒಡೆದುಹೋದಂತೆಯೇ ಸರಿ.

ನೀರಿನ ಮೇಲಿನ ಸುಖವನ್ನು ಮನೆಮಂದಿಗೆಲ್ಲ ಹಂಚುವ ಯತ್ನದ ಇತಿಹಾಸ ಸ್ವಾರಸ್ಯವಾದುದು. ನಾರ್ವೆಯಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಅಮೆರಿಕಕ್ಕೆ ಬಂದ ಓಲೆ ಎವಿನ್‌ರೂಡ್ ವಿಸ್ಕಾನ್ಸಿನ್ ಸಂಸ್ಥಾನದ ಸರೋವರವೊಂದರಲ್ಲಿ ವಿಹರಿಸುತ್ತಿದ್ದಾಗ, ಪ್ರೇಯಸಿ ಬೆಸ್ ಐಸ್‌ಕ್ರೀಮು ಬೇಕೆಂದಳಂತೆ. ಆತನು ಹುಟ್ಟು ಹಾಕಿಕೊಂಡು ದಡಕ್ಕೆ ಹೋಗಿ ಬರುವಷ್ಟರಲ್ಲಿ ಅದು ಕರಗಿಹೋಯಿತಂತೆ. ಕಥೆಗೆ ಎಷ್ಟು ಬಣ್ಣ ಸೇರಿದೆಯೋ ಏನೋ, 1909ರಲ್ಲಿ ಆತನು ದೋಣಿಯ ಬೆನ್ನಿಗೆ ತಗುಲಿಸುವ ಒಂದೂವರೆ ಅಶ್ವಶಕ್ತಿಯ ಎಂಜಿನ್ನನ್ನು ಮಾರುಕಟ್ಟೆಗೆ ತಂದದ್ದು ನಿಜ. ಬೆಸ್ ಆತನ ಮಡದಿಯಾಗಿ ವ್ಯಾಪಾರದ ಲೆಕ್ಕಪತ್ರಗಳನ್ನು ನೋಡಿಕೊಂಡದ್ದೂ ನಿಜ. ಆ ಬಗೆಯ ಎಂಜಿನ್ ಮೊದಲು ಮಾಡಿದವನು ಆತನೇ ಅಲ್ಲವಾದರೂ ಅದನ್ನು ಮನೆಮಾತಾಗಿಸಿದವನು ಆತನೇ.

ಮಿನ್ನೆಸೋಟದ ರಿಚ್ಮಂಡ್ ಎಂಬ ಊರಿನ ರೈತ ಆಂಬ್ರೋಸ್ ವೀರೆಸ್ 1952ರಲ್ಲಿ ಇನ್ನೊಂದು ಹೆಜ್ಜೆ ಇಟ್ಟನು. ಉಕ್ಕಿನ ಪೀಪಾಯಿಗಳನ್ನು ಸಾಲಾಗಿ ಬೆಸೆದು ಎರಡು ಉದ್ದನೆಯ ಕೊಳವೆಗಳನ್ನು ಮಾಡಿ, ಅವುಗಳ ಮೇಲೆ ಮರದ ಜಗುಲಿಯನ್ನು ಹಾಸಿದನು. ಹಗುರವಾದ ದೋಣಿಗಿಂತ ಈ ತೇಲುಜಗುಲಿ ಅಲೆಯ ಮೇಲೆ ಸ್ಥಿರವಾಗಿ ನಿಲ್ಲುವುದೆಂಬುದು ಆತನ ನಂಬಿಕೆ. ಅದು ಸುಳ್ಳಾಗಲಿಲ್ಲ. ಇಂದು ಪಾಂಟೂನ್ ಎಂದು ಹೆಸರಾದ ಆ ಜಾತಿಯ ದೋಣಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರಿಗೂ ಒಪ್ಪಿಗೆಯಾಗಿದೆ.

ಮೂರನೆಯವನು ಹಾರ್ವರ್ಡಿನಲ್ಲಿ ತತ್ತ್ವಶಾಸ್ತ್ರ ಓದಿದ ರಿಚರ್ಡ್ ಫಿಷರ್. ರೇಮಂಡ್ ಹಂಟ್ ಎಂಬ ಕುಶಲ ವಿನ್ಯಾಸಕಾರನ ನೆರವಿನಿಂದ ಆತನು 1958ರಲ್ಲಿ 'ಬಾಸ್ಟನ್ ವೇಲರ್' ಎಂಬ 13 ಅಡಿಯ ದೋಣಿಯನ್ನು ಹೊರತಂದನು. ಗಾಜುನಾರಿನ ಎರಡು ಪದರಗಳ ನಡುವೆ ಹಗುರವಾದ ನೊರೆ ತುಂಬಿ ಗಟ್ಟಿಯಾಗಿಸಿದ ಒಡಲು ಅದರದು. 1961ರಲ್ಲಿ 'ಲೈಫ್' ಪತ್ರಿಕೆಯಲ್ಲಿ ಪ್ರಕಟವಾದ ಚಿತ್ರಗಳಲ್ಲಿ, ದೋಣಿಯನ್ನು ನೀರಿನ ಮೇಲೆಯೇ ಗರಗಸದಿಂದ ಎರಡಾಗಿ ಕೊಯ್ದಿದ್ದರೂ ಫಿಷರ್ ಮಹಾಶಯನು ತನ್ನ ಅರ್ಧದಲ್ಲಿ ನಿರಾತಂಕನಾಗಿ ಕುಳಿತಿದ್ದಾನೆ. ಮಕ್ಕಳೊಂದಿಗರಾದ ತಂದೆತಾಯಿಗಳಿಗೆ ಇದಕ್ಕಿಂತ ಬೇರೆ ಜಾಹೀರಾತು ಬೇಕಿರಲಿಲ್ಲ.

ಇಷ್ಟು ಪೂರ್ವಕಥೆಯಾದ ಮೇಲೆ ಆಯ್ಕೆಯ ಮಾತಿಗೆ ಬರಬಹುದು. ಮೊದಲು ನೋಡಬೇಕಾದುದು ದೋಣಿಯನ್ನಲ್ಲ, ನೀರನ್ನು. ದೋಣಿಯ ಅಡಿ ಚಪ್ಪಟೆಯಾಗಿದ್ದಷ್ಟೂ ನಿಂತ ನೀರಿನಲ್ಲಿ ಅದು ಅಲುಗಾಡದು; ಕಡಿಮೆ ಆಳದಲ್ಲಿಯೂ ತೇಲೀತು; ಆದರೆ ಅಲೆ ಎದ್ದಾಗ ಬೆನ್ನುಹುರಿಗೆ ಪೆಟ್ಟಿನ ಮೇಲೆ ಪೆಟ್ಟು. ಅಡಿ ಕತ್ತಿಯ ಅಲಗಿನಂತೆ ಇಳಿಜಾರಾಗಿದ್ದಷ್ಟೂ ಅಲೆಯನ್ನು ಸೀಳಿಕೊಂಡು ಸುಖವಾಗಿ ಓಡೀತು. ಆದರೆ ನಿಂತಾಗ ಎಲ್ಲರೂ ಒಂದೇ ಪಕ್ಕಕ್ಕೆ ಸರಿದರೆ ವಾಲೀತು. ಆಳವಾದ ಇಳಿಜಾರಿನ ಅಡಿಗೆ ಕೀರ್ತಿ ಬಂದದ್ದು 1960ರ ಮಿಯಾಮಿ-ನಸ್ಸಾವ್ ಪಂದ್ಯದಲ್ಲಿ; ಹಂಟ್ ವಿನ್ಯಾಸಗೊಳಿಸಿದ 'ಮಾಪಿ' ಎಂಬ ದೋಣಿ ಅಂದು ಕೆರಳಿದ ಕಡಲಿನಲ್ಲಿ ಗೆದ್ದಿತು. ಕಡಲಿಗೆ ಅದು ಸರಿ. ಒಳನಾಡಿನ ಸರೋವರಕ್ಕೆ ಮಧ್ಯಮ ಇಳಿಜಾರು ಸಾಕು. ಆದರೆ ಸರೋವರಗಳೆಲ್ಲವೂ ಸಾಧುವಲ್ಲ. ಮಿನ್ನೆಸೋಟದ ಮಿಲ್ ಲ್ಯಾಕ್ಸ್ ಸರೋವರದ ವಿಸ್ತೀರ್ಣ 200 ಚದರ ಮೈಲಿಗಿಂತ ಹೆಚ್ಚು. ಅತ್ಯಂತ ಆಳವಾದೆಡೆಯಲ್ಲಿಯೂ ಸುಮಾರು 42 ಅಡಿ ಮಾತ್ರ. ಇಂತಹ ಅಗಲವಾದ, ಆಳವಿಲ್ಲದ ನೀರಿನ ಮೇಲೆ ಗಾಳಿ ಬೀಸಿತೆಂದರೆ ಕಡಿದಾದ ಅಲೆಗಳು ಒತ್ತೊತ್ತಾಗಿ ಏಳುತ್ತವೆ. ಅಂತಹ ಸ್ಥಳಕ್ಕೆ ತಗ್ಗಾದ ಪುಟ್ಟ ದೋಣಿಯನ್ನು ಒಯ್ಯುವುದು ಸಾಹಸವಲ್ಲ, ಅವಿವೇಕ.

ಎರಡನೆಯದು ಒಡಲಿನ ದ್ರವ್ಯ. ಅಲ್ಯೂಮಿನಿಯಂ ಹಗುರ, ಚಿಕ್ಕ ಎಂಜಿನ್ನಿಗೂ ಬಗ್ಗುತ್ತದೆ, ಸಾಧಾರಣ ಕಾರೊಂದು ಅದನ್ನು ಎಳೆದೊಯ್ಯಬಹುದು, ಕಲ್ಲಿಗೆ ತಾಗಿದರೆ ನೆಗ್ಗುವುದೇ ಹೊರತು ಸುಲಭವಾಗಿ ಬಿರಿಯದು. ಆದರೆ ಗಾಳಿ ಬಂದರೆ ಎಲೆಯಂತೆ ಸರಿಯುತ್ತದೆ. ಅಲೆಯ ಬಡಿತದ ಸದ್ದೂ ಹೆಚ್ಚು. ಗಾಜುನಾರಿನ ದೋಣಿ ಭಾರವಾದುದು. ಅದರ ಓಟದಲ್ಲಿ ಒಂದು ಗಾಂಭೀರ್ಯವಿದೆ, ಬೆಲೆಯಲ್ಲಿಯೂ ಇದೆ. ಎಳೆಯುವ ವಾಹನದ ಶಕ್ತಿಯನ್ನು ವಿಚಾರಿಸದೆ ಭಾರವಾದ ದೋಣಿಯನ್ನು ಕೊಂಡರೆ ಅದರ ಹಿಂದೆಯೇ ಹೊಸ ವಾಹನವನ್ನೂ ಕೊಳ್ಳಬೇಕಾದೀತು.

ಮೂರನೆಯದು ಗಾತ್ರ. 1971ರ ದೋಣಿ ಸುರಕ್ಷತಾ ಕಾಯಿದೆಯ ಅನಂತರ, ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕದಾದ ಒಂದೇ ಒಡಲಿನ ಮೋಟಾರು ದೋಣಿಗಳಿಗೆ ಅವು ಹೊರಬಲ್ಲ ಜನಸಂಖ್ಯೆಯನ್ನೂ ತೂಕವನ್ನೂ ತಿಳಿಸುವ ಫಲಕವನ್ನು ತಯಾರಕರೇ ಅಂಟಿಸಬೇಕೆಂಬ ನಿಯಮ ಬಂದಿತು. ಫಲಕವಿಲ್ಲದ ಹಳೆಯ ದೋಣಿಗೆ ಒಂದು ಸುಲಭ ಲೆಕ್ಕವುಂಟು: ಉದ್ದವನ್ನೂ ಅಗಲವನ್ನೂ ಅಡಿಗಳಲ್ಲಿ ಗುಣಿಸಿ 15ರಿಂದ ಭಾಗಿಸಬೇಕು. 16 ಅಡಿ ಉದ್ದ, 6 ಅಡಿ ಅಗಲದ ದೋಣಿಗೆ ಉತ್ತರ ಆರು ಮಂದಿ. ಆದರೆ ಇದು ಶಾಂತವಾದ ದಿನದ ಗರಿಷ್ಠ ಮಿತಿ, ಸುಖದ ಅಳತೆಯಲ್ಲ. ಆರು ಮಂದಿಯ ದೋಣಿಯಲ್ಲಿ ನಾಲ್ವರು ಗಾಳ, ಬುತ್ತಿ, ಟವೆಲುಗಳೊಂದಿಗೆ ಹಿತವಾಗಿ ಕುಳಿತಾರು. ವರ್ಷಕ್ಕೊಮ್ಮೆ ಬರುವ ನಂಟರಿಗಾಗಿ ದೊಡ್ಡ ದೋಣಿಯನ್ನು ಕೊಂಡು ವರ್ಷವೆಲ್ಲ ಅದರ ಇಂಧನವನ್ನು ಭರಿಸುವುದೂ ಜಾಣತನವಲ್ಲ.

ಈ ಎಲ್ಲ ತೂಗಾಟದಿಂದ ಹುಟ್ಟಿದ ಒಂದು ಮಿಶ್ರಜಾತಿಗೆ ಅಲ್ಲಿಯ ಜನ 'ಫಿಷ್ ಅಂಡ್ ಸ್ಕೀ' ಎಂದೇ ಹೆಸರಿಟ್ಟಿದ್ದಾರೆ. ಸುಮಾರು 16ರಿಂದ 20 ಅಡಿಯ ಈ ದೋಣಿಗಳಲ್ಲಿ ಹಿಂಭಾಗದ ಹಲಗೆಯನ್ನು ಮಡಿಸಿದರೆ ಮೆತ್ತನೆಯ ಆಸನ, ಬಿಡಿಸಿದರೆ ನಿಂತು ಗಾಳ ಬೀಸುವ ಜಗುಲಿ. ಕಂಬದ ಮೇಲಿನ ಪೀಠಗಳನ್ನು ಕಿತ್ತು ಬದಿಗಿಟ್ಟರೆ ಮಕ್ಕಳಿಗೆ ಅಂಗಳ. ಮುಂಭಾಗದಲ್ಲಿ ಸದ್ದಿಲ್ಲದ ಪುಟ್ಟ ವಿದ್ಯುತ್ ಯಂತ್ರ, ಹಿಂಭಾಗದಲ್ಲಿ ವೇಗದ ಎಂಜಿನ್. ಕೊಳ್ಳುವವನು ಈ ಮಡಿಸುವ, ಬಿಡಿಸುವ ಕೆಲಸವನ್ನು ಅಂಗಡಿಯಲ್ಲಿಯೇ ತನ್ನ ಕೈಯಿಂದ ಒಮ್ಮೆ ಮಾಡಿ ನೋಡತಕ್ಕದ್ದು. ಎರಡು ನಿಮಿಷದಲ್ಲಿ ಆಗದ ಮಾರ್ಪಾಟು ಎರಡನೆಯ ವಾರಕ್ಕೆ ನಿಂತುಹೋಗುತ್ತದೆ. ದೋಣಿ ಯಾವುದಾದರೂ ಒಂದು ಪಕ್ಷಕ್ಕೆ ಸೇರಿಬಿಡುತ್ತದೆ.

ಎರಡು ಬಯಕೆಗಳ ವ್ಯಾಜ್ಯದಲ್ಲಿ ಪ್ರಕೃತಿಯೇ ಒಂದು ರಾಜಿಯನ್ನು ಮಾಡಿಟ್ಟಿದೆ. ಮಿನ್ನೆಸೋಟದವರ ಅಚ್ಚುಮೆಚ್ಚಿನ ಮೀನು ವಾಲ್‌ಐ. 1965ರಿಂದ ಅದು ಆ ಸಂಸ್ಥಾನದ ಅಧಿಕೃತ ಮೀನೂ ಹೌದು. ಅದರ ಕಣ್ಣಿನ ಒಳಪದರ ಬೆಳಕನ್ನು ಮರಳಿ ಚಿಮ್ಮಿಸುವಂತಹುದು. ಆದ್ದರಿಂದ ಮಬ್ಬು ಬೆಳಕಿನಲ್ಲಿ ಅದಕ್ಕೆ ಚೆನ್ನಾಗಿ ಕಾಣುತ್ತದೆ, ಮುಂಜಾನೆ ಮುಸ್ಸಂಜೆಗಳಲ್ಲಿ ಅದು ಬೇಟೆಗೆ ಹೊರಡುತ್ತದೆ. ಮಕ್ಕಳಿಗೆ ನೀರಾಟದ ಹೊತ್ತು ನಡುಹಗಲು. ಅಂದರೆ ಮೀನಿನವನೂ ಮನೆಯವರೂ ಒಂದೇ ಗಳಿಗೆಯಲ್ಲಿ ದೋಣಿಗಾಗಿ ಜಗಳವಾಡಬೇಕಾದ ಪ್ರಸಂಗವೇ ಕಡಿಮೆ. ಜಾಗವನ್ನು ಹಂಚುವುದು ಕಷ್ಟವಾದೆಡೆ ಹೊತ್ತನ್ನು ಹಂಚಿಕೊಂಡರೆ ಸಾಧಾರಣ ದೋಣಿಯೂ ಸರ್ವೋಪಯೋಗಿಯೇ ಆದೀತು.

ಆದರೆ ಹಂಚಿಕೆಗೆ ಒಳಪಡದ ಒಂದು ವಿಷಯವುಂಟು: ಪ್ರಾಣ. 2023ರಲ್ಲಿ ಅಮೆರಿಕದಲ್ಲಿ ವಿಹಾರದೋಣಿಗಳ ಅಪಘಾತಗಳಲ್ಲಿ 564 ಮಂದಿ ಮಡಿದರು. ಸಾವಿನ ಕಾರಣ ತಿಳಿದ ಪ್ರಕರಣಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ನೀರಿನಲ್ಲಿ ಮುಳುಗಿ ಆದವು. ಹಾಗೆ ಮುಳುಗಿದವರಲ್ಲಿ, ವಿವರ ದೊರೆತ ಮಟ್ಟಿಗೆ, ನೂರಕ್ಕೆ 87 ಮಂದಿ ಲೈಫ್ ಜಾಕೆಟ್ ತೊಟ್ಟಿರಲಿಲ್ಲ. ಮಿನ್ನೆಸೋಟದ ಕಾಯಿದೆಯ ಪ್ರಕಾರ ಚಲಿಸುವ ದೋಣಿಯಲ್ಲಿ 10 ವರ್ಷಕ್ಕೆ ಕೆಳಗಿನ ಮಕ್ಕಳು ಅದನ್ನು ತೊಡಲೇಬೇಕು. ದೊಡ್ಡವರು ಅದನ್ನು ಆಸನದಡಿ ತುರುಕಿ, ತಮಗೆ ಈಜು ಬರುವುದೆಂದು ಹೇಳಿಕೊಳ್ಳುವುದುಂಟು. ಹಿಮ ಕರಗಿ ಕೆಲವೇ ವಾರಗಳಾದ ನೀರಿಗೆ ಈಜಿನ ಮಾತು ಕೇಳಿಸದು. ತಣ್ಣೀರು ಮೈಗೆ ತಾಗಿದೊಡನೆ ಮನುಷ್ಯನಿಗೆ ತಡೆಯಲಾರದಂತೆ ಏದುಸಿರು ಬರುತ್ತದೆ. ಆ ಉಸಿರಿನೊಡನೆಯೇ ನೀರು ಒಳಸೇರಬಹುದು. ಕೆಲವು ನಿಮಿಷಗಳಲ್ಲಿ ಕೈಕಾಲುಗಳು ಸೋಲುತ್ತವೆ. ಗಾಳ ಬೀಸುತ್ತ ಅಂಚಿನಲ್ಲಿ ಒಬ್ಬನೇ ನಿಂತ ತಂದೆಗೂ, ಜಾರುಹಲಗೆಯ ಮೇಲಿನ ಮಗನಿಗೂ ಈ ನೀರು ಭೇದ ಮಾಡದು. ಇನ್ನು ಎಂಜಿನ್ನಿನ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವಿರುತ್ತದೆ. ಎಂಜಿನ್ ನಡೆಯುತ್ತಿರುವಾಗ ಹಿಂಭಾಗದ ಏಣಿಯ ಬಳಿ ಮಕ್ಕಳನ್ನು ಕುಳ್ಳಿರಿಸಬಾರದು. ಚುಕ್ಕಾಣಿ ಹಿಡಿದವನು ಆಯತಪ್ಪಿ ಬಿದ್ದರೆ ಯಂತ್ರವನ್ನು ತಾನಾಗಿ ನಿಲ್ಲಿಸುವ ಗುಂಡಿಯ ದಾರವನ್ನು, ಅದು ಇರುವ ಚಿಕ್ಕ ದೋಣಿಗಳಲ್ಲಿ ವೇಗವಾಗಿ ಓಡಿಸುವಾಗ ಮೈಗೆ ಕಟ್ಟಿಕೊಳ್ಳಬೇಕೆಂದು 2021ರ ಏಪ್ರಿಲ್‌ನಿಂದ ಅಲ್ಲಿಯ ಕೇಂದ್ರ ಕಾನೂನೇ ವಿಧಿಸಿದೆ.

ಆದುದರಿಂದ ಲೆಕ್ಕ ಹಾಕುವಾಗ ದೋಣಿಯ ಬೆಲೆಯೊಂದನ್ನೇ ಬರೆದುಕೊಂಡರೆ ಸಾಲದು. ಎಳೆಗಾಡಿ, ವಿಮೆ, ಚಳಿಗಾಲದ ಕಾಪು, ಇಂಧನ, ಮತ್ತು ಪ್ರತಿಯೊಬ್ಬರ ಮೈಗೂ ಸರಿಹೊಂದುವ ಲೈಫ್ ಜಾಕೆಟ್—ಇವೆಲ್ಲ ಪಟ್ಟಿಯಲ್ಲಿರಬೇಕು. ಹಣ ಸಾಲದೆ ಬಂದರೆ ಎಂಜಿನ್ನಿನ ಹೊಳಪಿನಲ್ಲಿ, ಆಸನದ ಬಣ್ಣದಲ್ಲಿ ಉಳಿಸಬಹುದು, ಜಾಕೆಟ್ಟಿನಲ್ಲಿ ಉಳಿಸಬಾರದು. ಸರೋವರದಿಂದ ಮೇಲೆತ್ತಿದ ದೋಣಿಯ ಕೆಳಬಿರಡೆಯನ್ನು ತೆಗೆದು, ಮೀನಿನ ತೊಟ್ಟಿಯ ನೀರನ್ನೂ ಅಲ್ಲಿಯೇ ಬಸಿಯುವುದು ಮಿನ್ನೆಸೋಟದಲ್ಲಿ ಕಡ್ಡಾಯ. ಕಣ್ಣಿಗೆ ಕಾಣದ ಝೀಬ್ರಾ ಚಿಪ್ಪುಜೀವಿಯ ಮರಿಗಳು ಉಳಿದ ನೀರಿನಲ್ಲಿ ಕುಳಿತು ಇನ್ನೊಂದು ಸರೋವರಕ್ಕೆ ದಾಟುತ್ತವೆ. ಒಂದು ಮನೆಯ ಸಂತೋಷಕ್ಕಾಗಿ ಊರಿನ ನೀರು ಕೆಡಬಾರದಷ್ಟೆ.

ಕೊನೆಯದಾಗಿ, ದೋಣಿಯ ಪರೀಕ್ಷೆಗೆ ಯಜಮಾನನು ಒಬ್ಬನೇ ಹೋಗದಿರುವುದು ಲೇಸು. ಮನೆಯವರೆಲ್ಲರೂ ಹೋಗಲಿ. ಆಸನದ ಮೇಲೆ ಕುಳಿತಾಗ ಚಿಕ್ಕ ಮಗುವಿಗೆ ಅಂಚಿನಾಚೆ ಏನು ಕಾಣುತ್ತದೆ, ಹಿರಿಯರಿಗೆ ಹತ್ತಿ ಇಳಿಯಲು ಕೈಗೆ ಆಸರೆಯೆಲ್ಲಿದೆ, ಗೃಹಿಣಿಯೂ ಚುಕ್ಕಾಣಿ ಹಿಡಿದು ದೋಣಿಯನ್ನು ದಡಕ್ಕೆ ತರಬಲ್ಲಳೆ ಎಂಬುದನ್ನು ನೋಡಲಿ. ಈ ಕೊನೆಯ ಪ್ರಶ್ನೆ ಮರ್ಯಾದೆಯ ಮಾತಲ್ಲ. ದೋಣಿ ನಡೆಸುವವನೇ ನೀರಿಗೆ ಬಿದ್ದ ದಿನ ಅವನನ್ನು ಹಿಂದಿರುಗಿ ಎತ್ತಿಕೊಳ್ಳಲು ಒಳಗೆ ಇನ್ನೊಬ್ಬರಿಗೆ ವಿದ್ಯೆ ತಿಳಿದಿರಬೇಕು.