ಮನೆಯ ಹೆಂಗಸರಿಗೆ ಮೊದಲ ವೈದ್ಯರು ಯಾರು?

ನಮ್ಮ ರಾಯಚೂರು ಜಿಲ್ಲೆಯ ಕುಟುಂಬಗಳಲ್ಲಿ ಒಂದು ರೂಢಿ ಆಳವಾಗಿ ಬೇರೂರಿರುವುದನ್ನು ನಾವು ಕಾಣುತ್ತಿದ್ದೇವೆ. ಮನೆಯ ಯಜಮಾನನಿಗೆ ಜ್ವರವೋ ಕೆಮ್ಮೋ ಎದೆಯುರಿಯೋ ಕಾಣಿಸಿಕೊಂಡರೆ ಆತ ಹತ್ತಿರದ ದವಾಖಾನೆಗೆ ಹೋಗಿಬರುತ್ತಾನೆ. ಮನೆಯ ಹೆಂಗಸಿಗೆ ಸುಸ್ತು, ತಲೆಸುತ್ತು, ನಡನೋವು, ಕಿಬ್ಬೊಟ್ಟೆಯ ನೋವು, ಬಿಳಿಸೆರಗು ಏನೇ ಆದರೂ ಆಕೆ ಮೊದಲು ತಿಂಗಳುಗಟ್ಟಲೆ ಸಹಿಸಿಕೊಳ್ಳುತ್ತಾಳೆ. ಸಹಿಸಲಾರದಂತಾದಾಗ ದೇವದುರ್ಗದಿಂದಲೋ ಮಾನ್ವಿಯಿಂದಲೋ ಬೆಳಗಿನ ಬಸ್ಸು ಹಿಡಿದು, ಸುಮಾರು 50 ಕಿಲೋಮೀಟರ್ ದೂರದ ರಾಯಚೂರಿಗೆ ಬಂದು ‘ಲೇಡಿ ಡಾಕ್ಟರ್’ ಬಾಗಿಲಲ್ಲಿ ಕಾದು ಕುಳಿತುಕೊಳ್ಳುತ್ತಾಳೆ. ಆಕೆಯ ಅಂದಿನ ಕೂಲಿ ಹೋಗುತ್ತದೆ, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಸ್ಕ್ಯಾನಿಂಗ್, ರಕ್ತಪರೀಕ್ಷೆ, ಔಷಧಿ ಎಂದು ಕೈಯಲ್ಲಿದ್ದ ಹಣ ಮುಗಿಯುತ್ತದೆ.

ಸಾಮಾನ್ಯ ತಪಾಸಣೆಗೂ ನಿತ್ಯದ ತೊಂದರೆಗಳಿಗೂ ಹೆಂಗಸರು ಮೊದಲು ಹೋಗಬೇಕಾದುದು ಎಲ್ಲ ಕಾಯಿಲೆಗಳನ್ನೂ ನೋಡುವ ಹತ್ತಿರದ ವೈದ್ಯರ ಬಳಿಗೋ, ಅಥವಾ ನೇರವಾಗಿ ಸ್ತ್ರೀರೋಗ ತಜ್ಞರ ಬಳಿಗೋ? ಈ ಪ್ರಶ್ನೆ ದೊಡ್ಡ ನಗರಗಳ ಉಳ್ಳವರಿಗೆ ಮಾತ್ರ ಸಂಬಂಧಿಸಿದ್ದು ಎಂದು ತೋರಬಹುದು. ಆದರೆ ಉತ್ತರ ತಪ್ಪಿದಾಗ ಅದರ ಬೆಲೆಯನ್ನು ತೆರುವವರು ಬಡವರೇ ಎಂಬುದಕ್ಕೆ ಕಲಬುರಗಿ ಜಿಲ್ಲೆಯೇ ಸಾಕ್ಷಿ.

2015ರಲ್ಲಿ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರೂ ದಲಿತ ಮಹಿಳೆಯರೂ ಬೀದಿಗಿಳಿದು ತಮ್ಮ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಗಿದೆಯೆಂದು ದೂರಿದರು. ಹೊಟ್ಟೆನೋವು, ನಡನೋವು, ಬಿಳಿಸೆರಗು, ಹೆಚ್ಚಿನ ಮುಟ್ಟು ಎಂದು ಖಾಸಗಿ ಆಸ್ಪತ್ರೆಗಳಿಗೆ ಹೋದ ಅವರಿಗೆ ‘ಗರ್ಭಚೀಲ ಕೆಟ್ಟಿದೆ, ತೆಗೆಯದಿದ್ದರೆ ಕ್ಯಾನ್ಸರ್ ಆಗುತ್ತದೆ’ ಎಂಬ ಭಯವನ್ನು ಹುಟ್ಟಿಸಲಾಗಿತ್ತು. ರಾಜ್ಯ ಮಹಿಳಾ ಆಯೋಗವು ಮಧ್ಯೆ ಪ್ರವೇಶಿಸಿತು. ಎರಡು ಸಾವಿರಕ್ಕೂ ಮಿಕ್ಕಿದ ಶಸ್ತ್ರಚಿಕಿತ್ಸೆಗಳ ವಿಷಯ ತನಿಖೆಯಲ್ಲಿ ಬೆಳಕಿಗೆ ಬಂತು. ಅವರಲ್ಲಿ ಅನೇಕರು 35 ವರ್ಷವನ್ನೂ ದಾಟಿರಲಿಲ್ಲ. ಕೆಲವು ಆಸ್ಪತ್ರೆಗಳ ಪರವಾನಗಿ ರದ್ದಾಯಿತು. ರಾಜಸ್ಥಾನ, ಬಿಹಾರ, ಛತ್ತೀಸಗಢಗಳಲ್ಲಿಯೂ ಇಂಥದೇ ಶಸ್ತ್ರಚಿಕಿತ್ಸೆಗಳು ನಡೆದಿದ್ದವು. ಆ ಕುರಿತು 2013ರಲ್ಲಿ ಸಲ್ಲಿಕೆಯಾಗಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟು 2023ರ ಏಪ್ರಿಲ್ 5ರಂದು ಇತ್ಯರ್ಥಪಡಿಸಿ, ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಎಲ್ಲ ರಾಜ್ಯಗಳಿಗೂ ಆದೇಶಿಸಿತು.

ಈ ಪ್ರಕರಣದಿಂದ ಸ್ತ್ರೀರೋಗ ತಜ್ಞರೆಲ್ಲ ಹಣದ ಆಸೆಯವರೆಂಬ ತೀರ್ಮಾನಕ್ಕೆ ಬರುವುದು ಅನ್ಯಾಯವಾದೀತು. ಗರ್ಭಕೋಶವನ್ನು ಆದಷ್ಟು ಉಳಿಸಿಕೊಳ್ಳಬೇಕೆಂಬ ಅಭಿಯಾನವನ್ನು 2022ರಲ್ಲಿ ಕೈಗೊಂಡವರಲ್ಲಿ ಆ ತಜ್ಞರ ಅಖಿಲ ಭಾರತ ಒಕ್ಕೂಟವೇ ಸೇರಿತ್ತು. ನಾವು ಗಮನಿಸಬೇಕಾದ ಅಂಶ ಬೇರೆ. ಆ ಮಹಿಳೆಯರ ಮತ್ತು ಶಸ್ತ್ರಚಿಕಿತ್ಸೆಯ ಮೇಜಿನ ನಡುವೆ ಅವರನ್ನು ಬಲ್ಲ, ಕೊಯ್ಯುವುದರಿಂದ ಯಾವ ಲಾಭವೂ ಇಲ್ಲದ, ‘ಸ್ವಲ್ಪ ತಡೆಯಮ್ಮ, ಮೊದಲು ಇದನ್ನು ನೋಡೋಣ’ ಎನ್ನುವ ಒಬ್ಬ ವೈದ್ಯರೂ ಇರಲಿಲ್ಲ.

ತತ್ತ್ವಶಾಸ್ತ್ರದಲ್ಲಿ ಪೂರ್ಣ ಮತ್ತು ಅಂಶಗಳ ಸಂಬಂಧವನ್ನು ಕುರಿತ ಹಳೆಯ ವಿಚಾರವೊಂದಿದೆ. ಅಂಶವು ಇರುವುದು ಪೂರ್ಣಕ್ಕಾಗಿ. ಕೈಯೂ ಕಣ್ಣೂ ಗರ್ಭಕೋಶವೂ ಇಡೀ ವ್ಯಕ್ತಿಗಾಗಿ. ಸಂತ ತೋಮಸ್ ಅಕ್ವಿನಾಸರು ಇದನ್ನು ವಿವೇಚಿಸಿದ್ದಾರೆ. ಇದೇ ನೆಲೆಯಲ್ಲಿ ಪೋಪ್ ಹನ್ನೆರಡನೆಯ ಪಿಯುಸರು 1953ರಲ್ಲಿ ಇಟಲಿಯ ಮೂತ್ರರೋಗ ತಜ್ಞರನ್ನುದ್ದೇಶಿಸಿ ಮಾತನಾಡುತ್ತ, ಒಂದು ಅಂಗವನ್ನು ತೆಗೆಯುವುದಕ್ಕೆ ಮೂರು ನಿಬಂಧನೆಗಳನ್ನು ಮುಂದಿಟ್ಟರು. ಆ ಅಂಗವು ಉಳಿದರೆ ಇಡೀ ದೇಹಕ್ಕೆ ಗಂಭೀರ ಹಾನಿಯಿರಬೇಕು. ಆ ಹಾನಿಯನ್ನು ತಪ್ಪಿಸಲು ಬೇರೆ ದಾರಿ ಇರಬಾರದು. ತೆಗೆಯುವುದರಿಂದ ಆಗುವ ನಷ್ಟವನ್ನು ಒಳಿತು ತುಂಬಿಕೊಡಬೇಕು. ಈ ಮೂರು ಮಾತುಗಳನ್ನು ಒಪ್ಪಲು ಕಥೋಲಿಕರೇ ಆಗಬೇಕೆಂದಿಲ್ಲ. ಯಾವ ಸದ್ವೈದ್ಯನೂ ಒಪ್ಪುವ ಮಾತುಗಳಿವು. ಆದರೆ ಇಡೀ ದೇಹಕ್ಕೆ ಹಾನಿಯಿದೆಯೇ, ಬೇರೆ ದಾರಿಯಿದೆಯೇ ಎಂದು ತೂಗಿನೋಡಬೇಕಾದರೆ ಇಡೀ ವ್ಯಕ್ತಿಯನ್ನು ಬಲ್ಲವರು ಒಬ್ಬರಾದರೂ ಇರಬೇಕು. ಮೊದಲ ವೈದ್ಯರ ಸ್ಥಾನ ಅದೇ.

ಹೆಂಗಸಿನ ದೇಹವೆಂದರೆ ಗರ್ಭಕೋಶವಷ್ಟೇ ಅಲ್ಲ. ಸುಸ್ತು, ತಲೆಸುತ್ತು, ಏದುಸಿರುಗಳಿಗೆ ರಕ್ತಹೀನತೆ ಕಾರಣವಾಗಿರಬಹುದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 47.8ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಮುಟ್ಟಿನ ಏರುಪೇರಿಗೆ ಥೈರಾಯ್ಡ್ ಗ್ರಂಥಿ ಕಾರಣವಾಗಿರಬಹುದು. ಮತ್ತೆ ಮತ್ತೆ ಬರುವ ತುರಿಕೆಗೆ ಮಧುಮೇಹ ಕಾರಣವಾಗಿರಬಹುದು. ನಡನೋವಿಗೆ ಹತ್ತಿ ಬಿಡಿಸುವ, ನಾಟಿ ಹಚ್ಚುವ ದುಡಿಮೆಯೇ ಕಾರಣವಾಗಿರಬಹುದು. ಬಿಳಿಸೆರಗು ಸ್ವಲ್ಪಮಟ್ಟಿಗೆ ಸಹಜವೇ. ಸೋಂಕಿದ್ದರೆ ಅದಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ಔಷಧಿಯುಂಟು. ಹೆರಿಗೆಯ ಕಾಲ ಮುಗಿದ ಮೇಲೆ ನಮ್ಮ ತಾಯಂದಿರನ್ನು ಕಾಡುವ ರಕ್ತದೊತ್ತಡ, ಹೃದ್ರೋಗ, ಕ್ಷಯಗಳನ್ನು ಹುಡುಕುವುದು ಸ್ತ್ರೀರೋಗ ತಜ್ಞರ ಮುಖ್ಯ ಕೆಲಸವಲ್ಲ. ‘ಲೇಡಿ ಡಾಕ್ಟರಿಗೆ ತೋರಿಸಿದ್ದೇವೆ, ಎಲ್ಲ ಸರಿಯಾಗಿದೆ’ ಎಂದು ನಿಶ್ಚಿಂತರಾಗಿರುವ ಮನೆಯಲ್ಲಿ ಇವು ಸದ್ದಿಲ್ಲದೆ ಬೆಳೆಯುತ್ತವೆ.

ಹಾಗಾದರೆ ಮೊದಲ ವೈದ್ಯರು ಎಲ್ಲಿ ಸಿಗುತ್ತಾರೆ? ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಎಂ.ಬಿ.ಬಿ.ಎಸ್. ವೈದ್ಯಾಧಿಕಾರಿಯುಳ್ಳ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕೆಂಬುದು ಸರ್ಕಾರದ ಲೆಕ್ಕ. ತಜ್ಞರಿರಬೇಕಾದುದು ಅದರ ಮೇಲಿನ ಹಂತದಲ್ಲಿ, ಅಂದರೆ ದೇವದುರ್ಗ, ಮಾನ್ವಿಗಳ ತಾಲ್ಲೂಕು ಆಸ್ಪತ್ರೆಗಳಲ್ಲಿ. ಅದಕ್ಕೂ ಮೇಲೆ ರಾಯಚೂರಿನ ರಿಮ್ಸ್ ಬೋಧಕ ಆಸ್ಪತ್ರೆಯಿದೆ. 30 ವರ್ಷ ದಾಟಿದವರೆಲ್ಲರಿಗೂ ರಕ್ತದೊತ್ತಡ, ಮಧುಮೇಹ ಮತ್ತು ಬಾಯಿಯ ಕ್ಯಾನ್ಸರಿನ ತಪಾಸಣೆಯೂ, ಮಹಿಳೆಯರಿಗೆ ಇದರೊಂದಿಗೆ ಸ್ತನದ ಹಾಗೂ ಗರ್ಭಕಂಠದ ಕ್ಯಾನ್ಸರಿನ ತಪಾಸಣೆಯೂ ನಡೆಯಬೇಕೆಂಬುದು ರಾಷ್ಟ್ರೀಯ ಕಾರ್ಯಕ್ರಮ. ಇಂಥ ತಪಾಸಣೆಯನ್ನು ಮನೆಬಾಗಿಲಿಗೇ ಒಯ್ಯಲು ರಾಜ್ಯ ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ‘ಗೃಹ ಆರೋಗ್ಯ’ ಯೋಜನೆಯನ್ನು ಆರಂಭಿಸಿ ಅನಂತರ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಗರ್ಭಕಂಠದ ತಪಾಸಣೆಗೆ ಅರಿವಳಿಕೆಯಾಗಲಿ ಕೊಯ್ಯುವುದಾಗಲಿ ಇಲ್ಲ. ತರಬೇತಿ ಪಡೆದ ನರ್ಸು ಅಥವಾ ವೈದ್ಯರು ಅಸಿಟಿಕ್ ಆಮ್ಲವನ್ನು ಸವರಿ, ಬಣ್ಣ ಬದಲಾಗುವುದೇ ಎಂದು ನೋಡುತ್ತಾರೆ; ಐದು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು. ಆದರೂ ಮೇಲೆ ಹೇಳಿದ ಸಮೀಕ್ಷೆಯ ವೇಳೆಗೆ ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರ ಪೈಕಿ ಒಮ್ಮೆಯಾದರೂ ಈ ತಪಾಸಣೆ ಆದವರು ನೂರಕ್ಕೆ ಇಬ್ಬರೂ ಇರಲಿಲ್ಲ. ಕ್ಯಾನ್ಸರಿನ ಭಯ ತೋರಿಸಿದರೆ ಗರ್ಭಕೋಶವನ್ನೇ ಒಪ್ಪಿಸುವ ನಾವು, ಕ್ಯಾನ್ಸರನ್ನು ಮೊದಲೇ ಕಂಡುಹಿಡಿಯುವ ಸುಲಭದ ಪರೀಕ್ಷೆಗೆ ಹಿಂಜರಿಯುತ್ತೇವೆ!

ಸ್ತ್ರೀರೋಗ ತಜ್ಞರ ಬಳಿಗೆ ತಡಮಾಡದೆ ಹೋಗಬೇಕಾದ ಸಂದರ್ಭಗಳೂ ಇವೆ. ಅವನ್ನು ಪ್ರತಿ ಮನೆಯೂ ಅರಿತಿರಬೇಕು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ, ಸಂಭೋಗದ ನಂತರ ರಕ್ತ ಬಂದರೆ, ರಕ್ತಸ್ರಾವ ಔಷಧಿಗೂ ಬಗ್ಗದಿದ್ದರೆ, ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಕ್ಕಿದರೆ, ಗರ್ಭಕಂಠದ ತಪಾಸಣೆಯಲ್ಲಿ ಸಂಶಯ ಮೂಡಿದರೆ, ಮಕ್ಕಳಾಗುವುದು ತಡವಾದರೆ ತಜ್ಞರೇ ಬೇಕು. ಸ್ತನದಲ್ಲಿ ಗಡ್ಡೆ ಕಂಡರೂ ಕಾಯದೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಬೇಕು. ಗರ್ಭಿಣಿಗೆ ರಕ್ತಸ್ರಾವ, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್ ಇವುಗಳಲ್ಲಿ ಯಾವುದಾದರೂ ಕಂಡರೆ ಆ ಕ್ಷಣವೇ 108 ವಾಹನವನ್ನು ಕರೆಯಬೇಕು. ಸಾಮಾನ್ಯ ಗರ್ಭಿಣಿಯರಿಗೂ ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರಿಂದ ಉಚಿತ ತಪಾಸಣೆ ನಡೆಯುವ ವ್ಯವಸ್ಥೆ 2016ರಿಂದ ಇದೆ. ಮೊದಲ ಬಾಗಿಲನ್ನು ತಟ್ಟಿ ಎಂದು ನಾವು ಹೇಳುವುದು ಎರಡನೆಯ ಬಾಗಿಲನ್ನು ಮುಚ್ಚುವುದಕ್ಕಲ್ಲ. ಸರಿಯಾದ ಕಾಲಕ್ಕೆ, ಸರಿಯಾದ ಚೀಟಿಯೊಂದಿಗೆ ಅದನ್ನು ತಲುಪುವುದಕ್ಕೆ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ತಳ್ಳಿಹಾಕುವಂಥವಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರೇ ಇರುವುದಿಲ್ಲ ಎಂಬುದು ಮೊದಲನೆಯದು. ನಂಜುಂಡಪ್ಪ ಸಮಿತಿಯು 2002ರಲ್ಲಿ ಅತ್ಯಂತ ಹಿಂದುಳಿದದ್ದೆಂದು ಗುರುತಿಸಿದ ದೇವದುರ್ಗದಂಥ ತಾಲ್ಲೂಕಿನಲ್ಲಿ ಈ ದೂರಿಗೆ ಆಧಾರವಿಲ್ಲದಿಲ್ಲ. ಆದರೆ ಜನರು ಹೋಗದ ಕೇಂದ್ರಕ್ಕೆ ವೈದ್ಯರನ್ನು ಕೇಳುವವರು ಯಾರು? ಹಾಜರಾತಿ ಇದ್ದಲ್ಲಿ ಹಕ್ಕಿನ ಮಾತು ಬಲವಾಗುತ್ತದೆ. ಆರೋಗ್ಯ ಕೇಂದ್ರದ ಕುಂದುಕೊರತೆಗಳನ್ನು ಗ್ರಾಮಸಭೆಯಲ್ಲಿ ಎತ್ತುವ ಹಕ್ಕು ನಮ್ಮ ಕುಟುಂಬಗಳಿಗೂ ಇದೆ.

ಎರಡನೆಯದು ಸಂಕೋಚ. ಗಂಡು ಡಾಕ್ಟರರ ಮುಂದೆ ಹೇಳುವುದು ಹೇಗೆ? ಈ ಸಂಕೋಚವನ್ನು ನಾವು ಹಗುರವಾಗಿ ಕಾಣಲಾರೆವು. ಧರ್ಮಸಭೆಯ ಇತಿಹಾಸದಲ್ಲಿಯೂ ಅದರ ಗುರುತಿದೆ. ಹೆಂಗಸರು ಗಂಡು ವೈದ್ಯರ ಬಳಿ ಹೋಗಲಾರದೆ ಸಾಯುತ್ತಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ವೈದ್ಯೆ ಮೇರಿ ಗ್ಲೌರಿಯವರು 1920ರಲ್ಲಿ ನೆರೆಯ ಆಂಧ್ರದ ಗುಂಟೂರಿಗೆ ಬಂದು ಧರ್ಮಭಗಿನಿಯಾದರು. ಪೋಪರ ವಿಶೇಷ ಅನುಮತಿಯಿಂದ ವೈದ್ಯವೃತ್ತಿಯನ್ನು ಮುಂದುವರಿಸಿದರು. ಧರ್ಮಭಗಿನಿಯರು ಹೆರಿಗೆಯ ವೈದ್ಯವನ್ನು ಕೈಗೊಳ್ಳಲು ರೋಮ್ ಸಾಮಾನ್ಯ ಅನುಮತಿಯನ್ನು ಕೊಟ್ಟದ್ದು 1936ರಲ್ಲಿ. ಇಂದು ಉಪಕೇಂದ್ರದಲ್ಲಿ ಆರೋಗ್ಯ ಸಹಾಯಕಿಯೂ, ಊರಿನಲ್ಲಿ ಆಶಾ ಕಾರ್ಯಕರ್ತೆಯೂ ಇದ್ದಾರೆ. ಮೊದಲ ಮಾತನ್ನು ಅವರ ಕಿವಿಯಲ್ಲಿ ಹೇಳಬಹುದು. ವೈದ್ಯರು ಪರೀಕ್ಷಿಸುವಾಗ ಜೊತೆಯಲ್ಲಿ ಹೆಂಗಸೊಬ್ಬರು ಇರಲಿ ಎಂದು ಕೇಳುವುದು ರೋಗಿಯ ಹಕ್ಕು. ಒಳಪರೀಕ್ಷೆಗೆ ಮಹಿಳಾ ವೈದ್ಯರೇ ಬೇಕೆನಿಸಿದರೆ ಅಷ್ಟಕ್ಕೆ ಮಾತ್ರ ಅವರ ಬಳಿ ಹೋಗಬಹುದು. ರಕ್ತದೊತ್ತಡ ನೋಡಿಸಲು, ರಕ್ತ ಪರೀಕ್ಷಿಸಲು, ಸಕ್ಕರೆ ಅಳೆಯಲು ಆ ಸಂಕೋಚ ಅಡ್ಡಬರಬೇಕಾಗಿಲ್ಲ.

ಕುಟುಂಬದ ಯಜಮಾನರಿಗೆ ನಮ್ಮ ವಿನಂತಿ ಇಷ್ಟು. ಮನೆಯ ಹೆಂಗಸರ ಪರೀಕ್ಷೆಯ ಚೀಟಿಗಳನ್ನು ಒಂದು ಕಡೆ ಜೋಪಾನವಾಗಿಡಿರಿ. ಹೊಲದ ಕೆಲಸ ಮುಗಿಯಲಿ, ಹಬ್ಬ ಕಳೆಯಲಿ ಎಂದು ಆಕೆಯ ನೋವನ್ನು ಮುಂದೂಡಬೇಡಿರಿ. ಶಸ್ತ್ರಚಿಕಿತ್ಸೆ ಬೇಕೆಂದು ಯಾರೇ ಹೇಳಿದರೂ ರೋಗದ ಹೆಸರೇನು, ಔಷಧಿಯಿಂದ ವಾಸಿಯಾಗದೆ, ಮಾಡಿಸದಿದ್ದರೆ ಏನಾಗುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳಿರಿ. ಪ್ರಾಣಾಪಾಯದ ತುರ್ತಿಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿಯೋ ರಿಮ್ಸ್‌ನಲ್ಲಿಯೋ ಇನ್ನೊಬ್ಬ ವೈದ್ಯರ ಅಭಿಪ್ರಾಯವನ್ನು ಪಡೆಯಿರಿ. ‘ಮಕ್ಕಳಾದವಲ್ಲ, ಇನ್ನು ಗರ್ಭಚೀಲವೇಕೆ’ ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬಾರದಿರಲಿ. ಅಂಡಾಶಯಗಳನ್ನೂ ಸೇರಿಸಿ ತೆಗೆದರೆ ಎಳೆಯ ವಯಸ್ಸಿನಲ್ಲಿಯೇ ಮುಟ್ಟು ನಿಂತವಳ ಸ್ಥಿತಿ ಬರುತ್ತದೆ. ಎಲುಬು ಸವೆಯುತ್ತದೆ, ಹೃದಯದ ಅಪಾಯ ಹೆಚ್ಚುತ್ತದೆ. ದುಡಿದು ಬದುಕುವ ಹೆಂಗಸಿಗೆ ಇದು ಸಣ್ಣ ನಷ್ಟವಲ್ಲ. ಈ ವಿಷಯದಲ್ಲಿ ಕೊನೆಯ ಮಾತು ಆಕೆಯದೇ ಆಗಿರಬೇಕು.

ಸಂತ ಮಾರ್ಕರ ಶುಭಸಂದೇಶದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಮಹಿಳೆಯೊಬ್ಬಳ ಪ್ರಸಂಗವಿದೆ. ಆಕೆ ಅನೇಕ ವೈದ್ಯರ ಬಳಿ ಅಲೆದು, ಇದ್ದುದನ್ನೆಲ್ಲ ಕಳೆದುಕೊಂಡು, ಮೊದಲಿಗಿಂತಲೂ ಹದಗೆಟ್ಟಿದ್ದಳು. ಪ್ರಭು ಯೇಸು ಜನಜಂಗುಳಿಯ ನಡುವೆ ನಿಂತು ಆಕೆಯನ್ನು ಹುಡುಕಿದರು, ನಡುಗುತ್ತ ಬಂದ ಆಕೆ ನಿಜವನ್ನೆಲ್ಲ ಹೇಳುವವರೆಗೆ ಆಲಿಸಿದರು, ‘ಮಗಳೇ’ ಎಂದು ಕರೆದರು. ದೇವದುರ್ಗದ ಹಳ್ಳಿಯಿಂದ ನಸುಕಿನ ಬಸ್ಸಿಗೆ ಹೊರಡುವ ನಮ್ಮ ತಾಯಂದಿರ ಮಾತನ್ನೂ ಹೀಗೆ ಪೂರ್ತಿ ಆಲಿಸುವ ಒಬ್ಬ ವೈದ್ಯರು ಅವರ ಊರಿನ ಸಮೀಪದಲ್ಲಿಯೇ ಇರಬೇಕು. ಅಂಥವರಿದ್ದಲ್ಲಿ ಅವರ ಬಳಿಗೆ ಹೋಗುವುದು, ಇಲ್ಲದಲ್ಲಿ ಅವರನ್ನು ಕೇಳಿ ಪಡೆಯುವುದು ನಮ್ಮೆಲ್ಲರ ಕರ್ತವ್ಯ.