‘ಹಜ್ಜ್’ ಎಂದು ಮುದ್ರಿಸಿದ ನೋಟು

ಸಹೋದರಿಯರೇ, ನಮ್ಮ ರಿಸರ್ವ್ ಬ್ಯಾಂಕ್ ಒಂದು ಕಾಲದಲ್ಲಿ ಹಜ್ಜ್ ಯಾತ್ರಿಕರಿಗೆಂದೇ ಬೇರೆ ನೋಟು ಮುದ್ರಿಸಿತ್ತು ಎಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? 1959ರಲ್ಲಿ ಹೊರಬಂದ ಆ ನೋಟುಗಳು ಹತ್ತು ಮತ್ತು ನೂರು ರೂಪಾಯಿಯವು.

ಹತ್ತರ ನೋಟನ್ನೇ ನೋಡೋಣ. ಮುಂಭಾಗದಲ್ಲಿ ಅಶೋಕ ಸ್ತಂಭದ ಸಿಂಹಗಳು, ಹಿಂಭಾಗದಲ್ಲಿ ಹಾಯಿ ಹಡಗು. ಇದು ದೇಶದೊಳಗಿನ ನೋಟಿನ ಚಿತ್ರವೇ. ಆದರೆ ಬಣ್ಣ ನೀಲಿ. ಇಂಗ್ಲಿಷ್ ಅಕ್ಷರಗಳಲ್ಲಿ ‘ಹಜ್ಜ್’ ಎಂಬ ಪದ. ಕ್ರಮಸಂಖ್ಯೆಯ ಮೊದಲಿಗೆ ‘ಎಚ್‌ಎ’. ಅಕ್ಷರ ಬಾರದವರೂ ಬಣ್ಣದಿಂದಲೇ ಗುರುತಿಸಬಹುದಿತ್ತು. ಹಡಗನ್ನು ಹಜ್ಜಿಗಾಗಿ ಬಿಡಿಸಿದ್ದಲ್ಲ. ಆದರೂ ಬೊಂಬಾಯಿಯಲ್ಲಿ ಹಡಗು ಹತ್ತಿ ಜಿದ್ದಾ ಸೇರುತ್ತಿದ್ದ ಆ ಕಾಲದ ಹಾಜಿಗಳ ಕೈಗೆ ಅದು ಚೆನ್ನಾಗಿ ಒಪ್ಪುವ ಚಿತ್ರವೇ.

ಬೇರೆ ನೋಟು ಯಾಕೆ ಬೇಕಾಯಿತು? ಆಗ ಕುವೈತ್, ಬಹರೈನ್, ಕತಾರ್‌ಗಳಲ್ಲಿ ಭಾರತದ ರೂಪಾಯಿಯೇ ನಡೆಯುತ್ತಿತ್ತು. ಇಲ್ಲಿ ಚಿನ್ನದ ಆಮದಿಗೆ ನಿರ್ಬಂಧವಿದ್ದುದರಿಂದ ಅದರ ಬೆಲೆ ಹೊರಗಿಗಿಂತ ಹೆಚ್ಚಿತ್ತು. ಕಳ್ಳಸಾಗಣೆದಾರರು ಕೊಲ್ಲಿಯಿಂದ ಚಿನ್ನ ತಂದು ಮಾರಿ, ಬಂದ ರೂಪಾಯಿಯನ್ನು ಅಲ್ಲಿಗೆ ಸಾಗಿಸುತ್ತಿದ್ದರು. ಅದು ಬ್ಯಾಂಕುಗಳ ಮೂಲಕ ಹಿಂದಿರುಗಿದಾಗ ಭಾರತ ಬದಲಿಗೆ ಪೌಂಡು ಕೊಡಬೇಕಾಗುತ್ತಿತ್ತು. ಬೊಕ್ಕಸದ ವಿದೇಶಿ ಹಣ ಸೋರಿಹೋಗುತ್ತಿತ್ತು. ಅದನ್ನು ತಡೆಯಲು ಕೊಲ್ಲಿ ನಾಡುಗಳಿಗೆ ಬೇರೆ ಬಣ್ಣದ ನೋಟು ಬಂತು. ಸೌದಿಯಲ್ಲಿ ಬದಲಾಯಿಸಿಕೊಳ್ಳಲು ಹಾಜಿಗಳಿಗೆ ಹಜ್ಜ್ ನೋಟು ಬಂತು. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ಸ್ವಂತ ದೀನಾರ್ ತಂದವು. 1966ರಲ್ಲಿ ರೂಪಾಯಿ ಅಪಮೌಲ್ಯವಾದ ಬಳಿಕ ಕತಾರ್ ಕೂಡಾ ಅದನ್ನು ಕೈಬಿಟ್ಟಿತು. ಇಂದು ಹಜ್ಜ್ ನೋಟು ಹಳೆಯ ನೋಟು ಸಂಗ್ರಹಿಸುವವರ ಬಳಿ ಮಾತ್ರ ಕಾಣಸಿಗುತ್ತದೆ.

ಒಂದು ಸಂಗತಿ ಗಮನಿಸಿ. ಹಜ್ಜ್ ನೋಟು ಭಾರತದೊಳಗೆ ಚಲಾವಣೆಯಾಗುತ್ತಿರಲಿಲ್ಲ. ಅದನ್ನು ಹಿಡಿದು ಊರಿನ ಅಂಗಡಿಗೆ ಹೋದರೆ ಒಂದು ಸೇರು ಅಕ್ಕಿಯೂ ಸಿಗದು, ಅಕ್ಕಸಾಲಿಗನ ಬಳಿ ಗುಲಗಂಜಿಯಷ್ಟು ಚಿನ್ನವೂ ಸಿಗದು. ಹಜ್ಜಿನ ಹಣ ಹಜ್ಜಿಗೇ ಮೀಸಲು.

ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಬೀಡಿ ಕಟ್ಟಿ, ಹಾಲು ಮೊಟ್ಟೆ ಮಾರಿ ತಾಯಿ ವರ್ಷಗಟ್ಟಲೆ ಹಜ್ಜಿಗೆಂದು ಕೂಡಿಡುತ್ತಾಳೆ. ಮಗಳಿಗೆ ಸಂಬಂಧ ಕುದುರಿ, ವರನ ಕಡೆಯವರು ಎಷ್ಟು ಪವನು ಎಂದು ಕೇಳಿದೊಡನೆ ಎಲ್ಲರ ಕಣ್ಣು ಆ ಗಂಟಿನ ಮೇಲೆಯೇ ಬೀಳುತ್ತದೆ. ತಾಯಿ ಬಾಯಿ ತೆರೆಯುವುದಿಲ್ಲ. ಅವಳ ಪ್ರಾಯ, ಆರೋಗ್ಯ ಯಾರಿಗಾಗಿಯೂ ಕಾಯುವುದಿಲ್ಲ.

ಈಗಿನ ನೋಟಿನ ಮೇಲೆ ‘ಹಜ್ಜ್’ ಎಂಬ ಮುದ್ರೆಯಿಲ್ಲ. ಆದ್ದರಿಂದ ಇದು ತಾಯಿಯ ಹಜ್ಜಿನ ಹಣ, ಇದನ್ನು ಮುಟ್ಟುವುದಿಲ್ಲ ಎಂದು ಮಕ್ಕಳೇ, ಅದರಲ್ಲೂ ಗಂಡುಮಕ್ಕಳು, ಮದುವೆ ಮಾತುಕತೆಯ ಚಾಪೆಯ ಮೇಲೆಯೇ ಹೇಳಬೇಕು.