೧೨ ಅನ್ನೋದು ಸಂಖ್ಯೆ ಅಲ್ಲವಂತೆ!

ಜಾವಾಸ್ಕ್ರಿಪ್ಟಿನ 'ನಂಬರ್' ಫಂಕ್ಷನ್‌ಗೆ "12.50" ಅನ್ನೋ ಸ್ಟ್ರಿಂಗ್ ಕೊಡಿ, 12.5 ಅಂತ ಸರಿಯಾಗಿ ಸಂಖ್ಯೆ ಮಾಡಿ ಕೊಡುತ್ತೆ. ಅದನ್ನೇ "೧೨.೫೦" ಅಂತ ಕೊಡಿ, 'ನ್ಯಾನ್' ಅನ್ನುತ್ತೆ. ಅಂದ್ರೆ 'ನಾಟ್ ಎ ನಂಬರ್'. ನಾವು ಸ್ಲೇಟಿನ ಮೇಲೆ ತಿದ್ದಿ ಕಲಿತದ್ದು ಸಂಖ್ಯೆಯೇ ಅಲ್ಲವಂತೆ! :-)

ಕನ್ನಡದ ಅಂಕಿಗಳು ತಡವಾಗಿ ಬಂದವು ಅನ್ನೋ ಹಾಗೂ ಇಲ್ಲ. 1991ರ ಮೊದಲ ಯುನಿಕೋಡಿನಲ್ಲೇ ಅವಕ್ಕೆ ಜಾಗ ಸಿಕ್ಕಿತ್ತು. ಜಾವಾಸ್ಕ್ರಿಪ್ಟ್ ಹುಟ್ಟಿದ್ದು 1995ರಲ್ಲಿ. ಪೈಥಾನ್ "೧೨.೫೦" ಅನ್ನು ಯಾವ ತಕರಾರೂ ಇಲ್ಲದೆ ಓದಿಕೊಳ್ಳುತ್ತೆ. ಜಾವಾಸ್ಕ್ರಿಪ್ಟಿಗೂ ಸಂಖ್ಯೆಯನ್ನು ಕನ್ನಡ ಅಂಕಿಯಲ್ಲಿ ತೋರಿಸೋಕೆ ಬರುತ್ತೆ, 'ಇಂಟ್ಲ್' ಅನ್ನೋ ಸೌಲಭ್ಯ ಇರೋದೇ ಅದಕ್ಕೆ. ಆದರೆ ತಾನೇ ಬರೆದದ್ದನ್ನು ವಾಪಸ್ ಓದೋಕೆ ಮಾತ್ರ ಬರಲ್ಲ!

ಹೀಗಾಗಿ ಕನ್ನಡದ ಫಾರ್ಮ್ ಮಾಡುವವರು ಸುಲಭದ ದಾರಿ ಹಿಡಿಯುತ್ತಾರೆ: "ದಯವಿಟ್ಟು ಇಂಗ್ಲಿಷ್ ಅಂಕಿಗಳನ್ನೇ ಬಳಸಿ" ಅಂತ ಒಂದು ಸಾಲು ಹಾಕಿ ಕೈತೊಳೆದುಕೊಳ್ಳೋದು. ನನ್ನ ತಕರಾರು ಇರೋದು ಇಲ್ಲೇ. ಹತ್ತು ಸಾಲಿನ ಕೆಲಸ ತಪ್ಪಿಸಿಕೊಳ್ಳೋಕೆ ಓದುಗರಿಗೆ ಬುದ್ಧಿ ಹೇಳೋದು ಯಾವ ನ್ಯಾಯ?

ಕೆಲಸವೇನೂ ದೊಡ್ಡದಲ್ಲ. ಯುನಿಕೋಡಿನಲ್ಲಿ ೦ ಇರೋದು 3302ನೇ ಸ್ಥಾನದಲ್ಲಿ, ೯ ಇರೋದು 3311ರಲ್ಲಿ. ಇಂಗ್ಲಿಷಿನ 0 ಇರೋದು 48ರಲ್ಲಿ. ಪ್ರತಿ ಕನ್ನಡ ಅಂಕಿಯಿಂದ 3254 ಕಳೆದರೆ ಆಯ್ತು. ಬೆಲೆಗಳ ಒಂದು ಅರೇ ಇದ್ದರೆ 'ಮ್ಯಾಪ್' ಹಾಕಿ ಒಂದೊಂದೇ ಸ್ಟ್ರಿಂಗ್ ತೆಗೆದುಕೊಳ್ಳಿ, ಅಂಕಿ ಬದಲಿಸಿ, "೧,೨೫,೦೦೦.೭೫" ಥರದವುಗಳ ಅಲ್ಪವಿರಾಮ ಕಿತ್ತುಹಾಕಿ, ಆಮೇಲೆ 'ನಂಬರ್'ಗೆ ಒಪ್ಪಿಸಿ.

ಮೂರು ಕಡೆ ಹುಷಾರಾಗಿರಬೇಕು.

ಒಂದು, 'ನಂಬರ್' ಬದಲು 'ಪಾರ್ಸ್‌ಫ್ಲೋಟ್' ಬಳಸಬೇಡಿ. ಅದು ಅರ್ಥವಾದಷ್ಟು ಓದಿ ಉಳಿದದ್ದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತೆ. "1,25,000.75" ಕೊಟ್ಟರೆ 1 ಅನ್ನುತ್ತೆ. ಅರ್ಧ ಇಂಗ್ಲಿಷ್ ಅರ್ಧ ಕನ್ನಡದ "12೫" ಕೊಟ್ಟರೆ 12 ಅನ್ನುತ್ತೆ. ನ್ಯಾನ್ ಬಂದರೆ ಇಡೀ ಮೊತ್ತವೇ ನ್ಯಾನ್ ಆಗಿ ಕಣ್ಣಿಗೆ ಬೀಳುತ್ತೆ. ಲಕ್ಷ ಹೋಗಿ ಒಂದು ರೂಪಾಯಿ ಆದರೆ ಯಾರಿಗೂ ಗೊತ್ತೇ ಆಗಲ್ಲ. ಗೊತ್ತಿಲ್ಲ ಅನ್ನೋ ಗುಮಾಸ್ತ, ಸುಳ್ಳು ಲೆಕ್ಕ ಬರೆಯೋ ಗುಮಾಸ್ತನಿಗಿಂತ ಎಷ್ಟೋ ಮೇಲು.

ಎರಡು, ಖಾಲಿ ಸ್ಟ್ರಿಂಗ್ ಕೊಟ್ಟರೆ 'ನಂಬರ್' ಸೊನ್ನೆ ಅನ್ನುತ್ತೆ. ಬೆಲೆ ಬರೆಯದೇ ಇರೋದು ಬೇರೆ, ಪುಕ್ಕಟೆ ಅನ್ನೋದು ಬೇರೆ. ಖಾಲಿ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಮೂರು, ಇದು ನಮ್ಮದೇ ಮನೆಯ ತಾಪತ್ರಯ. ಹಳೆಯ ಎಷ್ಟೋ ಪುಟಗಳಲ್ಲಿ ಅನುಸ್ವಾರದ ಜಾಗದಲ್ಲಿ ಸೊನ್ನೆ ಕೂತಿರುತ್ತೆ, 'ಬೆ೦ಗಳೂರು' ಅಂತ. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ. ಇಡೀ ಪುಟಕ್ಕೆ ಅಂಕಿ ಬದಲಾವಣೆ ಹಚ್ಚಿದರೆ ಅದು 'ಬೆ0ಗಳೂರು' ಆಗಿ ನಿಲ್ಲುತ್ತೆ! ಹಾಗಾಗಿ ಸಂಖ್ಯೆ ಬರಬೇಕಾದ ಜಾಗಕ್ಕಷ್ಟೇ ಈ ಮದ್ದು.

ಜಾವಾಸ್ಕ್ರಿಪ್ಟಿನ ಪರವಾಗಿಯೂ ಒಂದು ಮಾತು ಹೇಳಬೇಕು. ಕನ್ನಡದ ೦ ಮತ್ತು ತೆಲುಗಿನ ಸೊನ್ನೆ ನೋಡೋಕೆ ಒಂದೇ, ಸಂಕೇತ ಮಾತ್ರ ಬೇರೆ. ಕಂಡದ್ದನ್ನೆಲ್ಲ ಸಂಖ್ಯೆ ಅಂತ ನಂಬೋ ಭಾಷೆಗೆ ಮೋಸ ಮಾಡೋದೂ ಸುಲಭ. ಆದರೆ ಆ ಎಚ್ಚರ ಕನ್ನಡ ಅಂಕಿಯನ್ನು ಬಾಗಿಲಲ್ಲೇ ತಡೆಯೋಕೆ ನೆಪ ಆಗಬಾರದು.

ಅಂಕಿಗಳು ಬರೀ ಅಲಂಕಾರಕ್ಕೆ ಉಳಿದರೆ ಬೇಗ ಮರೆತುಹೋಗುತ್ತವೆ. ಲೆಕ್ಕಕ್ಕೆ ಬಂದರೆ ಬದುಕುತ್ತವೆ. ಕನ್ನಡದಲ್ಲಿ ಬರೆದ ಬೆಲೆ ಕನ್ನಡದ ತಾಣದಲ್ಲಾದರೂ ಲೆಕ್ಕಕ್ಕೆ ಸೇರಲಿ.

ನೀವೇನಂತೀರಿ?